ನಾಲ್ಕನೇ ಹಂತದ ನಗರ

ಬೆಲ್ಜಿಯಂ ದೇಶದಲ್ಲಿ ಭಯೋತ್ಪಾದನೆಯ ಅಪಾಯವನ್ನು ಅಳೆಯಲು ನಾಲ್ಕು ಹಂತಗಳ ಮಾಪಕವೊಂದಿದ್ದು, ಅದರ ಮೊದಲ ಎರಡು ಹಂತಗಳು ದಾಳಿಯ ಸಂಭವ ಕಡಿಮೆ ಎಂಬುದನ್ನೂ, ಮೂರನೆಯದು ದಾಳಿ ಸಾಧ್ಯ ಮಾತ್ರವಲ್ಲದೆ ಸಂಭವನೀಯವೂ ಹೌದೆಂಬುದನ್ನೂ, ನಾಲ್ಕನೆಯದು ಅಪಾಯ ಗಂಭೀರವಾಗಿದ್ದು ತೀರ ಸನಿಹದಲ್ಲಿದೆ ಎಂಬುದನ್ನೂ ಸೂಚಿಸುತ್ತವೆ. ಈ ಹಂತವನ್ನು ಗೊತ್ತುಪಡಿಸುವ ಹೊಣೆ ಪೊಲೀಸರಿಗಾಗಲೀ ಮಂತ್ರಿಗಳಿಗಾಗಲೀ ಸೇರಿದ್ದಲ್ಲ. 2006ರ ಕಾನೂನಿನಡಿ ಹುಟ್ಟಿದ, ತನ್ನ ಫ್ರೆಂಚ್ ಹೆಸರಿನ ಮೊದಲಕ್ಷರಗಳಿಂದ ‘ಒಕಾಮ್’ ಎಂದು ಕರೆಸಿಕೊಳ್ಳುವ ಅಪಾಯ ವಿಶ್ಲೇಷಣೆಯ ಸಮನ್ವಯ ಸಂಸ್ಥೆಯೊಂದು ಗುಪ್ತಚರ, ಪೊಲೀಸ್, ಸುಂಕ, ವಲಸೆ, ಸಾರಿಗೆ ಮತ್ತು ವಿದೇಶಾಂಗ ಇಲಾಖೆಗಳಿಂದ ಬರುವ ಸುದ್ದಿಗಳನ್ನು ಒಟ್ಟುಗೂಡಿಸಿ, ತೂಗಿನೋಡಿ ಅದನ್ನು ನಿರ್ಧರಿಸುತ್ತದೆ. 2015ರ ನವೆಂಬರ್ 20 ಮತ್ತು 21ರ ನಡುವಿನ ರಾತ್ರಿ ಈ ಸಂಸ್ಥೆ ಬ್ರಸೆಲ್ಸ್ ರಾಜಧಾನಿ ಪ್ರದೇಶದ ಅಪಾಯದ ಹಂತವನ್ನು ಮೂರರಿಂದ ನಾಲ್ಕಕ್ಕೆ ಏರಿಸಿತು. ಶನಿವಾರ ಬೆಳಗಾಗುವಷ್ಟರಲ್ಲಿ ಸುಮಾರು 12 ಲಕ್ಷ ಜನರ ಆ ನಗರದಲ್ಲಿ ಮೆಟ್ರೊ ನಿಲ್ದಾಣಗಳ ಬಾಗಿಲುಗಳು ಮುಚ್ಚಿಹೋಗಿದ್ದವು.

ಇಂಥ ಎಚ್ಚರಿಕೆಗಳ ಬಗೆಗಿನ ಬರವಣಿಗೆಯಲ್ಲಿ ಬಹುಪಾಲು ಭದ್ರತಾ ತಜ್ಞರ ದೃಷ್ಟಿಯಿಂದ ಬಂದದ್ದಾಗಿದ್ದು, ಎಷ್ಟು ಸೈನಿಕರು ಬೀದಿಗಿಳಿದರು, ಎಷ್ಟು ಮನೆಗಳ ಶೋಧವಾಯಿತು, ಎಷ್ಟು ಮಂದಿಯ ಬಂಧನವಾಯಿತು ಎಂಬ ಲೆಕ್ಕಗಳಲ್ಲಿಯೇ ಅದು ಮುಗಿದುಹೋಗುತ್ತದೆ. ಆದರೆ ಎಚ್ಚರಿಕೆ ಎಂಬುದು ಅನಿಶ್ಚಯವನ್ನು ಹಂಚುವ ಒಂದು ಆಡಳಿತ ಕ್ರಮವೂ ಹೌದು. ಅಲ್ಲಿಯವರೆಗೆ ಕೆಲವೇ ಅಧಿಕಾರಿಗಳ ಮೇಜಿನ ಮೇಲಿದ್ದ ಅರೆಬರೆ ತಿಳಿವಳಿಕೆ ಒಂದು ಅಂಕಿಯ ರೂಪದಲ್ಲಿ ಮನೆಮನೆಗೂ ಬಂದು ಸೇರುತ್ತದೆ. ಆ ಅಂಕಿಯೊಂದನ್ನೇ ಆಧಾರವಾಗಿಟ್ಟುಕೊಂಡು ಮಗುವನ್ನು ಎಲ್ಲಿ ಬಿಡುವುದು, ಅಂಗಡಿ ತೆರೆಯುವುದೋ ಬೇಡವೋ, ಆಸ್ಪತ್ರೆಯಲ್ಲಿರುವ ತಂದೆಯನ್ನು ನೋಡಲು ಯಾವ ದಾರಿಯಲ್ಲಿ ಹೋಗುವುದು ಎಂಬ ತೀರ್ಮಾನಗಳನ್ನು ಪ್ರತಿಯೊಬ್ಬರೂ ತಾವೇ ತೆಗೆದುಕೊಳ್ಳಬೇಕಾಗುತ್ತದೆ. ಈ ಹಂಚಿಕೆ ಎಂದೂ ಸಮನಾಗಿ ನಡೆಯುವುದಿಲ್ಲ ಎಂಬುದೂ, ಒಮ್ಮೆ ಏರಿದ ಹಂತವನ್ನು ಇಳಿಸುವ ಧೈರ್ಯ ಯಾರಿಗೂ ಸುಲಭವಾಗಿ ಬರುವುದಿಲ್ಲ ಎಂಬುದೂ ಬ್ರಸೆಲ್ಸ್‌ನ ಅನುಭವದಿಂದ ಸ್ಪಷ್ಟವಾಗಿ ತಿಳಿದುಬರುತ್ತವೆ.

ಹಂತ ಏರಿದ್ದರ ಹಿನ್ನೆಲೆ ಪ್ಯಾರಿಸ್‌ನಲ್ಲಿತ್ತು. ಅದೇ ನವೆಂಬರ್ 13ರ ಶುಕ್ರವಾರ ರಾತ್ರಿ ಅಲ್ಲಿನ ಕ್ರೀಡಾಂಗಣದ ಹೊರಗೆ, ಉಪಾಹಾರ ಗೃಹಗಳ ಎದುರು ಮತ್ತು ಬಟಾಕ್ಲಾನ್ ಸಂಗೀತ ಸಭಾಂಗಣದ ಒಳಗೆ ನಡೆದ ದಾಳಿಗಳಲ್ಲಿ 130 ಮಂದಿ ಸತ್ತಿದ್ದರು. ದಾಳಿಯ ಸೂತ್ರಧಾರನೆಂದು ಗುರುತಿಸಲಾದ ಅಬ್ದೆಲ್ ಹಮೀದ್ ಅಬಾವುದ್ ಬ್ರಸೆಲ್ಸ್‌ನ ಮೋಲೆನ್‌ಬೀಕ್‌ನಲ್ಲಿ ಬೆಳೆದವನಾಗಿದ್ದು, ನವೆಂಬರ್ 18ರಂದು ಪ್ಯಾರಿಸ್‌ನ ಹೊರವಲಯದ ಸೇಂ-ದೆನಿಯಲ್ಲಿ ಪೊಲೀಸ್ ಕಾರ್ಯಾಚರಣೆಯಲ್ಲಿ ಸತ್ತ. ಆದರೆ ಅದೇ ಮೋಲೆನ್‌ಬೀಕ್‌ನ ಸಲಾಹ್ ಅಬ್ದೆಸ್ಲಾಮ್ ದಾಳಿಯ ಮರುದಿನವೇ ಗಡಿ ದಾಟಿ ಬ್ರಸೆಲ್ಸ್ ಸೇರಿಕೊಂಡಿದ್ದ. ಹಲವು ಮಂದಿ ಬಂದೂಕು ಮತ್ತು ಸ್ಫೋಟಕಗಳೊಂದಿಗೆ ಏಕಕಾಲಕ್ಕೆ ಹಲವೆಡೆ ಎರಗಬಹುದು, ವ್ಯಾಪಾರದ ಬೀದಿಗಳು, ಜನ ಸೇರುವ ಕಾರ್ಯಕ್ರಮಗಳು ಮತ್ತು ಸಾರ್ವಜನಿಕ ಸಾರಿಗೆ ಅವರ ಗುರಿಯಾಗಬಹುದು ಎಂಬ ಆತಂಕವನ್ನು ಪ್ರಧಾನಿ ಶಾರ್ಲ್ ಮಿಶೆಲ್ ಜನರ ಮುಂದಿಟ್ಟರು. ಯಾವ ಬೀದಿ, ಯಾವ ದಿನ, ಯಾರು ಎಂಬುದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಇದ್ದಿದ್ದರೆ ಇಡೀ ನಗರವನ್ನು ನಿಲ್ಲಿಸುವ ಅಗತ್ಯವೇ ಬೀಳುತ್ತಿರಲಿಲ್ಲ.

ಆ ದಿನಗಳ ಸ್ಥಿತಿಯನ್ನು ಕರ್ಫ್ಯೂ ಅಥವಾ ತುರ್ತು ಪರಿಸ್ಥಿತಿ ಎಂದು ಕರೆಯುವುದು ಸರಿಯಲ್ಲ. ಬೆಲ್ಜಿಯಂನ ಸಂವಿಧಾನವನ್ನು ಪೂರ್ಣವಾಗಿಯಾಗಲೀ ಭಾಗಶಃವಾಗಲೀ ಅಮಾನತಿನಲ್ಲಿಡುವಂತಿಲ್ಲ ಎಂದು ಅದರ 187ನೇ ವಿಧಿ ಖಚಿತವಾಗಿ ಹೇಳುತ್ತದೆ. ನೆರೆಯ ಫ್ರಾನ್ಸ್ ಪ್ಯಾರಿಸ್ ದಾಳಿಯ ರಾತ್ರಿಯೇ ಘೋಷಿಸಿ, ಮತ್ತೆ ಮತ್ತೆ ವಿಸ್ತರಿಸಿ, 2017ರ ನವೆಂಬರ್ 1ರವರೆಗೆ ಎಳೆದ ತುರ್ತು ಪರಿಸ್ಥಿತಿಯಂಥದ್ದಕ್ಕೆ ಬೆಲ್ಜಿಯಂನ ಕಾನೂನಿನಲ್ಲಿ ಜಾಗವಿರಲಿಲ್ಲ. ಆದ್ದರಿಂದ ನಾಲ್ಕನೇ ಹಂತ ಎಂದರೆ ಕೇಂದ್ರ ಸರ್ಕಾರದ ಸಲಹೆ, ಅದರ ಬೆನ್ನಿಗೆ ಸ್ಥಳೀಯ ಮೇಯರ್‌ಗಳು ತಮ್ಮ ಅಧಿಕಾರದಡಿ ಹೊರಡಿಸುವ ಆದೇಶಗಳು, ಸಾರಿಗೆ ಹಾಗೂ ಶಿಕ್ಷಣ ಸಂಸ್ಥೆಗಳು ಕೈಗೊಳ್ಳುವ ಕ್ರಮಗಳು, ಇಷ್ಟೇ ಆಗಿತ್ತು. ಮನೆಯಿಂದ ಹೊರಗೆ ಬರಬಾರದೆಂದು ಯಾವ ಕಾನೂನೂ ಹೇಳಲಿಲ್ಲ. ಹಾಗಿದ್ದರೂ ನಗರ ನಿಂತಿತು. ಸಲಹೆಯೊಂದು ಆಜ್ಞೆಯಷ್ಟೇ ಬಲದಿಂದ ಕೆಲಸ ಮಾಡಿತು. ಇದನ್ನು ಪ್ರಜಾಪ್ರಭುತ್ವದ ಸಂಯಮವೆಂದು ಮೆಚ್ಚುವವರಿದ್ದಾರೆ, ಮತ್ತು ಆ ಮೆಚ್ಚುಗೆ ಸಲ್ಲತಕ್ಕದ್ದೇ. ಆದರೆ ಆಜ್ಞೆಯಲ್ಲದ ಸಲಹೆಯನ್ನು ಪಾಲಿಸಿ ಅಂಗಡಿ ಮುಚ್ಚಿದವನಿಗೆ, ಕೆಲಸಕ್ಕೆ ಹೋಗದೆ ಉಳಿದವಳಿಗೆ ಆಗುವ ನಷ್ಟಕ್ಕೆ ಯಾರು ಹೊಣೆ ಎಂಬ ಪ್ರಶ್ನೆ ಆ ಸಂಯಮದ ಕೆಳಗೆ ಹೂತುಹೋಗುತ್ತದೆ ಎಂಬುದನ್ನೂ ಹೇಳಲೇಬೇಕು.

ಬ್ರಸೆಲ್ಸ್‌ನ ಆಡಳಿತದ ರಚನೆ ಈ ತೊಡಕನ್ನು ಇನ್ನಷ್ಟು ಹೆಚ್ಚಿಸಿತು. ಹೊರಗಿನವರು ಒಂದು ನಗರವೆಂದು ತಿಳಿಯುವ ಬ್ರಸೆಲ್ಸ್ ವಾಸ್ತವವಾಗಿ 19 ಕಮ್ಯೂನ್‌ಗಳ, ಅಂದರೆ ಸ್ವಂತ ಮೇಯರ್ ಮತ್ತು ಪುರಸಭೆ ಇರುವ 19 ಸ್ಥಳೀಯ ಘಟಕಗಳ ಒಕ್ಕೂಟವಾಗಿದ್ದು, ಅವುಗಳ ಪೊಲೀಸ್ ವ್ಯವಸ್ಥೆ ಆರು ವಲಯಗಳಲ್ಲಿ ಹಂಚಿಹೋಗಿತ್ತು. ಶಾಲೆಗಳು ಒಂದೆಡೆ ಫ್ರೆಂಚ್ ಭಾಷಿಕರ, ಇನ್ನೊಂದೆಡೆ ಡಚ್ ಭಾಷಿಕರ ಪ್ರತ್ಯೇಕ ಸರ್ಕಾರಗಳ ಅಧೀನದಲ್ಲಿದ್ದವು. ಐರೋಪ್ಯ ಒಕ್ಕೂಟದ ಪ್ರಮುಖ ಸಂಸ್ಥೆಗಳೂ ನ್ಯಾಟೊ ಸೇನಾ ಕೂಟದ ಕೇಂದ್ರ ಕಚೇರಿಯೂ ಅಲ್ಲೇ ಇದ್ದು, ಅವು ತಮ್ಮದೇ ಭದ್ರತಾ ನಿಯಮಗಳನ್ನು ಅನುಸರಿಸುತ್ತಿದ್ದವು. ಒಂದು ಬೀದಿಯ ಈ ಬದಿಯಲ್ಲಿ ಹೊರಟ ಸೂಚನೆ ಆ ಬದಿಗೆ ಅನ್ವಯಿಸುತ್ತದೆಯೇ ಎಂದು ಅಂಗಡಿಯವನೊಬ್ಬನಿಗೆ ಸಂಶಯ ಬಂದರೆ ಅದು ಅವನ ತಪ್ಪಾಗಿರಲಿಲ್ಲ.

ಶನಿವಾರ ಮತ್ತು ಭಾನುವಾರಗಳಂದು ಕ್ರೀಡಾ ಪಂದ್ಯಗಳು, ಸಂಗೀತ ಕಛೇರಿಗಳು ರದ್ದಾದವು. ವಸ್ತುಸಂಗ್ರಹಾಲಯಗಳು, ಚಿತ್ರಮಂದಿರಗಳು, ದೊಡ್ಡ ಮಳಿಗೆಗಳು ಮುಚ್ಚಿದವು. ನೆಲದ ಮೇಲೆ ಓಡುವ ಟ್ರಾಮ್ ಮತ್ತು ಬಸ್ಸುಗಳು ಬಹುಮಟ್ಟಿಗೆ ಓಡುತ್ತಿದ್ದರೂ ನೆಲದಡಿಯ ಮಾರ್ಗಗಳು ಪೂರ್ತಿ ನಿಂತಿದ್ದವು. ವಾರಾಂತ್ಯದ ರಜೆಯ ಹೊದಿಕೆಯಲ್ಲಿ ಇವೆಲ್ಲ ಹೇಗೋ ನಡೆದುಹೋದವು. ನಿಜವಾದ ಕಷ್ಟ ಸೋಮವಾರ ಶುರುವಾಯಿತು. ನವೆಂಬರ್ 23 ಮತ್ತು 24ರಂದು ಶಾಲೆಗಳು, ವಿಶ್ವವಿದ್ಯಾಲಯಗಳು ಮಾತ್ರವಲ್ಲದೆ, ತೀರ ಎಳೆಯ ಮಕ್ಕಳನ್ನು ತಂದೆತಾಯಿ ಕೆಲಸಕ್ಕೆ ಹೋಗುವಾಗ ಬಿಟ್ಟುಹೋಗುವ ಶಿಶುಪಾಲನಾ ಕೇಂದ್ರಗಳೂ ಮುಚ್ಚಿದವು, ಆದರೆ ಕೆಲಸದ ಸ್ಥಳಗಳನ್ನು ಮುಚ್ಚಬೇಕೆಂಬ ಆದೇಶ ಇರಲಿಲ್ಲ. ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆಯನ್ನು ಹಿಂದಕ್ಕೆ ಪಡೆದು, ಮಗುವಿನ ತಾಯಿಯನ್ನು ಕೆಲಸದಿಂದ ಬಿಡದೆ ಇಟ್ಟ ಈ ಎರಡು ತೀರ್ಮಾನಗಳ ನಡುವೆ ಸಿಕ್ಕವರು ಬಹುತೇಕ ಹೆಂಗಸರು. ಕಚೇರಿ ನೌಕರನೊಬ್ಬ ಮನೆಯಲ್ಲಿಯೇ ಕಂಪ್ಯೂಟರ್ ತೆರೆದು ಕುಳಿತು ಸಂಬಳ ಉಳಿಸಿಕೊಳ್ಳಬಹುದು. ಆ ಕಚೇರಿಯ ನೆಲ ಒರೆಸುವವಳಿಗೆ, ಹೋಟೆಲಿನಲ್ಲಿ ಹಾಸಿಗೆ ಸರಿಪಡಿಸುವವಳಿಗೆ, ಆಸ್ಪತ್ರೆಯ ರಾತ್ರಿ ಪಾಳಿಯ ದಾದಿಗೆ ಮನೆಯಿಂದ ಕೆಲಸ ಮಾಡುವ ದಾರಿಯೇ ಇಲ್ಲ. ನಗರದ ಅಂಚಿನಿಂದ ಮೆಟ್ರೊ ಹಿಡಿದು ಬರುತ್ತಿದ್ದವರು ಎರಡು ಬಸ್ಸು ಬದಲಾಯಿಸಿ, ಉಳಿದ ದೂರ ನಡೆದು, ತಡವಾಗಿ ತಲುಪಬೇಕಾಯಿತು. ಅಜ್ಜಿ ತಾತ ಹತ್ತಿರದಲ್ಲಿದ್ದ ಮನೆಗಳು ಆ ಎರಡು ದಿನಗಳನ್ನು ಹೇಗೋ ನಿಭಾಯಿಸಿದವು. ವಲಸೆ ಬಂದು ನೆಂಟರಿಷ್ಟರಿಲ್ಲದೆ ಬದುಕುವ ಮನೆಗಳಿಗೆ ಆ ಆಸರೆಯೂ ಇರಲಿಲ್ಲ.

ಭಾನುವಾರ ಸಂಜೆ ನಡೆದ ಒಂದು ಸಂಗತಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡುವುದು ಉಚಿತ, ಏಕೆಂದರೆ ಎಚ್ಚರಿಕೆಯ ಕಾಲದಲ್ಲಿ ಸರ್ಕಾರಕ್ಕೂ ನಾಗರಿಕರಿಗೂ ನಡುವೆ ಬೆಳೆಯಬಹುದಾದ ನಂಬಿಕೆಗೆ ಅದು ಅಪರೂಪದ ಸಾಕ್ಷ್ಯವಾಗಿದೆ. ಪೊಲೀಸರು ನಗರದ ಹಲವೆಡೆ ಏಕಕಾಲಕ್ಕೆ ಶೋಧ ನಡೆಸುತ್ತಿದ್ದಾಗ, ಅವರ ಚಲನವಲನ ಹೊರಗೆ ತಿಳಿದರೆ ಹುಡುಕುತ್ತಿರುವವರು ತಪ್ಪಿಸಿಕೊಳ್ಳುತ್ತಾರೆಂಬ ಕಾರಣಕ್ಕೆ, ಕಾರ್ಯಾಚರಣೆಯ ವಿವರಗಳನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಾಕಬೇಡಿರೆಂದು ಅಧಿಕಾರಿಗಳು ಜನರನ್ನೂ ಪತ್ರಕರ್ತರನ್ನೂ ಕೇಳಿಕೊಂಡರು. ಕಿಟಕಿಯ ಹಿಂದೆ ದೀಪ ಆರಿಸಿ ಕುಳಿತಿದ್ದ ಜನ ಪೊಲೀಸ್ ವಾಹನಗಳ ಚಿತ್ರ ಹಾಕುವ ಬದಲು ತಮ್ಮ ಮನೆಯ ಬೆಕ್ಕುಗಳ ಚಿತ್ರಗಳನ್ನು ಹಾಕತೊಡಗಿದರು. ಕೆಲವೇ ಗಂಟೆಗಳಲ್ಲಿ ಟ್ವಿಟರ್‌ನಲ್ಲಿ ಬ್ರಸೆಲ್ಸ್ ಬಗ್ಗೆ ಹುಡುಕಿದವರಿಗೆ ಬೆಕ್ಕುಗಳ ಹೊರತು ಬೇರೇನೂ ಕಾಣದಂತಾಯಿತು. ಪತ್ರಿಕೆಗಳು ಮತ್ತು ದೂರದರ್ಶನ ವಾಹಿನಿಗಳೂ ಆ ರಾತ್ರಿ ವಿವರಗಳನ್ನು ತಡೆಹಿಡಿದವು. ಮರುದಿನ ಬೆಲ್ಜಿಯಂನ ಪೊಲೀಸರು ಬೆಕ್ಕಿನ ತಿಂಡಿ ತುಂಬಿದ ಬಟ್ಟಲಿನ ಚಿತ್ರವನ್ನು ಪ್ರಕಟಿಸಿ, ನೆರವಾದ ಬೆಕ್ಕುಗಳಿಗೆ ಕೃತಜ್ಞತೆ ಹೇಳಿದರು. ಇದನ್ನು ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ಭಯದ ರಾತ್ರಿಯಲ್ಲಿ ತಮ್ಮತಮ್ಮ ಮನೆಗಳಲ್ಲಿ ಒಂಟಿಯಾಗಿದ್ದ ಸಾವಿರಾರು ಜನರಿಗೆ ತಾವು ಒಂದು ಕೆಲಸದಲ್ಲಿ ಭಾಗಿಗಳು ಎಂಬ ಭಾವ ಅದರಿಂದ ದೊರೆಯಿತು; ಹೀಗೆ ಮಾಡಬೇಡಿ ಎಂಬ ಕೋರಿಕೆಯ ಜೊತೆಗೆ ಅದರ ಕಾರಣವನ್ನೂ ಹೇಳಿದ್ದರಿಂದಲೇ ಜನ ಅದನ್ನು ಮನಃಪೂರ್ವಕ ಒಪ್ಪಿಕೊಂಡರು.

ಆ ರಾತ್ರಿಯ ಶೋಧಗಳಲ್ಲಿ 16 ಮಂದಿಯನ್ನು ವಶಕ್ಕೆ ಪಡೆಯಲಾಯಿತಾದರೂ ಶಸ್ತ್ರಗಳಾಗಲೀ ಸ್ಫೋಟಕಗಳಾಗಲೀ ದೊರೆಯಲಿಲ್ಲ, ಅಬ್ದೆಸ್ಲಾಮ್ ಕೂಡ ಸಿಗಲಿಲ್ಲ. ಬುಧವಾರ ಶಾಲೆಗಳು ಪೊಲೀಸ್ ಕಾವಲಿನಲ್ಲಿ ತೆರೆದವು, ಮೆಟ್ರೊ ಭಾಗಶಃ ಓಡಿತು, ಗುರುವಾರ 26ರಂದು ಹಂತ ಮೂರಕ್ಕೆ ಇಳಿಯಿತು. ದಾಳಿ ನಡೆಯದೇ ಹೋದದ್ದು ಎಚ್ಚರಿಕೆಯಿಂದಲೋ ಅಥವಾ ದಾಳಿಯ ಯೋಜನೆಯೇ ಆಗ ಇರಲಿಲ್ಲವೋ ಎಂಬುದನ್ನು ಹೊರಗಿನ ಯಾರೂ ಸಾಧಿಸಿ ತೋರಿಸಲಾರರು. ಎಚ್ಚರಿಕೆಯ ವ್ಯವಸ್ಥೆಯ ಮೂಲಭೂತ ತೊಡಕು ಇಲ್ಲಿದೆ: ಏನೂ ಆಗದಿದ್ದರೆ ಎಚ್ಚರಿಕೆ ಫಲಿಸಿತೆಂದು ಹೇಳಬಹುದು, ಏನಾದರೂ ಆದರೆ ಎಚ್ಚರಿಕೆ ಸಾಲದಾಯಿತೆಂದು ಹೇಳಬಹುದು, ಎರಡೂ ಸಂದರ್ಭಗಳಲ್ಲಿ ವಾದ ಹೆಚ್ಚಿನ ಎಚ್ಚರಿಕೆಯ ಕಡೆಗೇ ವಾಲುತ್ತದೆ.

ಈ ವಾಲಿಕೆ ಬೆಲ್ಜಿಯಂಗೆ ಮಾತ್ರ ಸೀಮಿತವಾದುದಲ್ಲ. ಅಮೆರಿಕ 2002ರ ಮಾರ್ಚ್‌ನಲ್ಲಿ ಹಸಿರಿನಿಂದ ಕೆಂಪಿನವರೆಗೆ ಐದು ಬಣ್ಣಗಳ ಎಚ್ಚರಿಕೆ ಮಾಪಕವನ್ನು ಜಾರಿಗೆ ತಂದಿತು. 2011ರಲ್ಲಿ ಅದನ್ನು ಕೈಬಿಡುವವರೆಗಿನ ಒಂಬತ್ತು ವರ್ಷಗಳಲ್ಲಿ ದೇಶದ ಮಟ್ಟದಲ್ಲಿ ಅದು ಮಧ್ಯದ ಹಳದಿಗಿಂತ ಕೆಳಕ್ಕೆ ಒಮ್ಮೆಯೂ ಇಳಿಯಲಿಲ್ಲ. ಕೆಳಗಿನ ಎರಡು ಬಣ್ಣಗಳು ಮುದ್ರಿತ ಪಟದಲ್ಲಿ ಮಾತ್ರ ಉಳಿದವು. ಬೆಲ್ಜಿಯಂನಲ್ಲಿ 2015ರ ನವೆಂಬರ್‌ನಲ್ಲಿ ದೇಶದಾದ್ಯಂತ ಜಾರಿಯಾದ ಮೂರನೇ ಹಂತ ಎರಡಕ್ಕೆ ಇಳಿದದ್ದು 2018ರ ಜನವರಿ 22ರಂದು. ಹಂತ ಏರಿಸಲು ಒಂದು ರಾತ್ರಿ ಸಾಕಾಯಿತು, ಇಳಿಸಲು ಎರಡು ವರ್ಷಗಳಿಗೂ ಹೆಚ್ಚು ಬೇಕಾಯಿತು. ಏರಿಸಿದ ಅಧಿಕಾರಿಯನ್ನು ಅತಿ ಜಾಗರೂಕನೆಂದು ಯಾರಾದರೂ ಟೀಕಿಸಬಹುದಷ್ಟೆ; ಇಳಿಸಿದ ಮರುದಿನ ಅನಾಹುತವಾದರೆ ಇಳಿಸಿದವನ ಹೆಸರು ಶಾಶ್ವತವಾಗಿ ಅದಕ್ಕೆ ಅಂಟಿಕೊಳ್ಳುತ್ತದೆ.

ದೀರ್ಘಕಾಲದ ಈ ಮೂರನೇ ಹಂತವೇ ಬ್ರಸೆಲ್ಸ್‌ನ ದೈನಂದಿನ ಬದುಕನ್ನು ಆಳವಾಗಿ ಬದಲಿಸಿತು. ಪೂರ್ವ ಬೆಲ್ಜಿಯಂನ ವೆರ್ವಿಯೆ ಪಟ್ಟಣದಲ್ಲಿ 2015ರ ಜನವರಿ 15ರಂದು ನಡೆದ ಪೊಲೀಸರ ಭಯೋತ್ಪಾದನಾ ವಿರೋಧಿ ಕಾರ್ಯಾಚರಣೆಯ ಬೆನ್ನಲ್ಲೇ ಬೀದಿಗಿಳಿದಿದ್ದ ಸೈನಿಕರು ನವೆಂಬರ್‌ನ ನಂತರ ಸಂಖ್ಯೆಯಲ್ಲಿ ಹೆಚ್ಚಾಗಿ, ರೈಲು ನಿಲ್ದಾಣಗಳಲ್ಲಿ, ನಗರ ಮಧ್ಯದ ಗ್ರಾಂ ಪ್ಲಾಸ್ ಚೌಕದಲ್ಲಿ, ಯೆಹೂದಿ ಶಾಲೆಗಳ ಎದುರು, ಐರೋಪ್ಯ ಕಚೇರಿಗಳ ಬಾಗಿಲಲ್ಲಿ ಬಂದೂಕು ಹಿಡಿದು ನಿಂತರು. ಮೊದಲ ವಾರ ಅವರನ್ನು ಕಂಡು ಬೆಚ್ಚಿದ ಜನ ಮೂರನೆಯ ತಿಂಗಳಿಗೆ ಅವರನ್ನು ದಾಟಿಹೋಗುವಾಗ ತಲೆ ಎತ್ತಿಯೂ ನೋಡದಂತಾದರು. ಶಾಲೆಗಳ ಗೇಟುಗಳು ಪಾಠ ಶುರುವಾದ ಮೇಲೆ ಮುಚ್ಚಿಕೊಂಡವು, ಪ್ರವಾಸಗಳು ರದ್ದಾದವು. ಚಿತ್ರಮಂದಿರದ ಬಾಗಿಲಲ್ಲಿ ಚೀಲ ತೆರೆದು ತೋರಿಸುವುದು ಟಿಕೆಟ್ ತೋರಿಸುವಷ್ಟೇ ಸಹಜವಾಯಿತು. ಹೊಸ ವರ್ಷದ ಮುನ್ನಾದಿನದ ಸಿಡಿಮದ್ದಿನ ಪ್ರದರ್ಶನ ಆ ವರ್ಷ ರದ್ದಾಯಿತು. ಸೈನಿಕರ ಈ ಕಾವಲು ಪೂರ್ತಿಯಾಗಿ ಕೊನೆಗೊಂಡದ್ದು 2021ರ ಸೆಪ್ಟೆಂಬರ್ 1ರಂದು, ಅಂದರೆ ಆರೂವರೆ ವರ್ಷಗಳ ನಂತರ. ಆ ಹೊತ್ತಿಗೆ ಪ್ರಾಥಮಿಕ ಶಾಲೆಗೆ ಸೇರಿದ ಮಗುವೊಂದಕ್ಕೆ ಬಂದೂಕುಧಾರಿಗಳಿಲ್ಲದ ರೈಲು ನಿಲ್ದಾಣದ ನೆನಪೇ ಇರುವುದು ಸಾಧ್ಯವಿರಲಿಲ್ಲ.

ಕಾನೂನೂ ಹೀಗೆಯೇ ಬದಲಾಯಿತು. ರಾತ್ರಿ ಒಂಬತ್ತರಿಂದ ಬೆಳಗಿನ ಐದರವರೆಗೆ ಮನೆ ಶೋಧಿಸಬಾರದೆಂಬ ಹಳೆಯ ನಿಯಮಕ್ಕೆ 2016ರ ಏಪ್ರಿಲ್‌ನ ಕಾನೂನು ಭಯೋತ್ಪಾದನೆಯ ಪ್ರಕರಣಗಳಲ್ಲಿ ವಿನಾಯಿತಿ ನೀಡಿತು. ನ್ಯಾಯಾಧೀಶರ ಮುಂದೆ ತರದೆ ವ್ಯಕ್ತಿಯೊಬ್ಬನನ್ನು ವಶದಲ್ಲಿಡಬಹುದಾದ 24 ಗಂಟೆಗಳ ಮಿತಿಯನ್ನು 2017ರಲ್ಲಿ ಸಂವಿಧಾನವನ್ನೇ ತಿದ್ದಿ 48 ಗಂಟೆಗಳಿಗೆ ಹಿಗ್ಗಿಸಲಾಯಿತು, ಮತ್ತು ಈ ಹಿಗ್ಗಿಸುವಿಕೆ ಭಯೋತ್ಪಾದನೆಯ ಆರೋಪಿಗಳಿಗಷ್ಟೇ ಸೀಮಿತವಾಗದೆ ಎಲ್ಲ ಬಂಧಿತರಿಗೂ ಅನ್ವಯವಾಯಿತು. ಹಂತ ಇಳಿದ ಮೇಲೂ ಇವು ಉಳಿದಿವೆ.

2016ರ ಮಾರ್ಚ್ 18ರಂದು ಅಬ್ದೆಸ್ಲಾಮ್ ಮೋಲೆನ್‌ಬೀಕ್‌ನಲ್ಲಿಯೇ ಸಿಕ್ಕಿಬಿದ್ದ. ನಾಲ್ಕು ದಿನಗಳ ನಂತರ, ಮಾರ್ಚ್ 22ರ ಮಂಗಳವಾರ ಬೆಳಗ್ಗೆ 7 ಗಂಟೆ 58 ನಿಮಿಷಕ್ಕೆ ಜಾವೆಂಟೆಮ್ ವಿಮಾನ ನಿಲ್ದಾಣದ ನಿರ್ಗಮನ ಸಭಾಂಗಣದಲ್ಲಿ ಒಂದರ ಹಿಂದೊಂದು ಎರಡು ಬಾಂಬುಗಳು ಸಿಡಿದವು. 9 ಗಂಟೆ 11 ನಿಮಿಷಕ್ಕೆ ಐರೋಪ್ಯ ಕಚೇರಿಗಳ ನಡುವಿನ ಮಾಲ್‌ಬೀಕ್ ಮೆಟ್ರೊ ನಿಲ್ದಾಣದಲ್ಲಿ ಹೊರಟಿದ್ದ ರೈಲಿನೊಳಗೆ ಮೂರನೆಯದು ಸಿಡಿಯಿತು. ಆತ್ಮಹತ್ಯಾ ದಾಳಿಕೋರರನ್ನು ಬಿಟ್ಟು 32 ಮಂದಿ ಸತ್ತರು, 300ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಆ ಬೆಳಗ್ಗೆ ನಗರ ಮೂರನೇ ಹಂತದಲ್ಲಿತ್ತು. ಖಾಲಿ ಬೀದಿಗಳ, ಮುಚ್ಚಿದ ಮೆಟ್ರೊದ ನವೆಂಬರ್‌ನಲ್ಲಿ ಬಾರದ ದಾಳಿ, ಸೈನಿಕರಿಗೆ ಒಗ್ಗಿಹೋಗಿ ಎಂದಿನಂತೆ ಕೆಲಸಕ್ಕೆ ಹೊರಟಿದ್ದ ಮಾರ್ಚ್‌ನ ಜನರ ಮೇಲೆ ಬಂದಿತು. ಮಾಪಕದ ಅಂಕಿ ದಾಳಿಯ ದಿನವನ್ನು ಹೇಳಲಾರದು ಎಂಬುದಕ್ಕೆ ಇದಕ್ಕಿಂತ ಕ್ರೂರವಾದ ಪುರಾವೆ ಬೇಕಿಲ್ಲ.

ಮೊದಲ ಸ್ಫೋಟಕ್ಕೂ ಮೆಟ್ರೊ ಸ್ಫೋಟಕ್ಕೂ ನಡುವೆ 73 ನಿಮಿಷಗಳಿದ್ದವು. ಮುನ್ನೆಚ್ಚರಿಕೆಗಾಗಿ ನವೆಂಬರ್‌ನಲ್ಲಿ ನಾಲ್ಕು ದಿನ ಮುಚ್ಚಿದ್ದ ಅದೇ ಮೆಟ್ರೊ, ವಿಮಾನ ನಿಲ್ದಾಣದಲ್ಲಿ ಬಾಂಬು ಸಿಡಿದ ಮೇಲೂ ಆ 73 ನಿಮಿಷ ಏಕೆ ಓಡುತ್ತಿತ್ತು, ಮುಚ್ಚುವ ತೀರ್ಮಾನ ರೈಲು ಓಡಿಸುವವರಿಗೆ ಸಕಾಲದಲ್ಲಿ ಏಕೆ ತಲುಪಲಿಲ್ಲ ಎಂಬುದು ಮುಂದೆ ಸಂಸತ್ತಿನ ವಿಚಾರಣಾ ಆಯೋಗ ಎದುರಿಸಿದ ಮುಖ್ಯ ಪ್ರಶ್ನೆಗಳಲ್ಲಿ ಒಂದಾಯಿತು. ಮೊಬೈಲ್ ಜಾಲ ಕರೆಗಳ ಒತ್ತಡ ತಾಳದೆ ಕುಸಿದು, ಕರೆ ಮಾಡುವ ಬದಲು ಸಂದೇಶ ಕಳಿಸಿರೆಂದು ಸರ್ಕಾರವೇ ಜನರನ್ನು ಕೇಳಿಕೊಳ್ಳಬೇಕಾಯಿತು. ಅಪಾಯದಲ್ಲಿರುವವರ ಫೋನಿಗೆ ನೇರವಾಗಿ ಸಂದೇಶ ತಲುಪಿಸುವ ‘ಬಿ-ಅಲರ್ಟ್’ ಎಂಬ ರಾಷ್ಟ್ರೀಯ ವ್ಯವಸ್ಥೆ ಜಾರಿಗೆ ಬಂದದ್ದು ಮರುವರ್ಷ, 2017ರಲ್ಲಿ. ಸೈನಿಕರನ್ನು ನಿಲ್ಲಿಸುವ ಕೆಲಸ ಕಣ್ಣಿಗೆ ಕಾಣುತ್ತದೆ, ಸಂದೇಶ ಸರಿಯಾದ ಕೈಗೆ ತಲುಪುವ ವ್ಯವಸ್ಥೆ ಕಾಣುವುದಿಲ್ಲ. ಎಚ್ಚರಿಕೆಯ ಕಾಲದ ಸರ್ಕಾರಗಳು ಮೊದಲನೆಯದಕ್ಕೆ ಬೇಗ ಹಣ ಕೊಡುತ್ತವೆ, ಎರಡನೆಯದನ್ನು ಮುಂದೂಡುತ್ತವೆ, ಮತ್ತು ಜೀವ ಹೋಗುವುದು ಬಹಳ ಸಲ ಎರಡನೆಯದರ ಕೊರತೆಯಿಂದ.

ಈ ದಾಳಿ ಕರ್ನಾಟಕವನ್ನೂ ಮುಟ್ಟಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಸಾಫ್ಟ್‌ವೇರ್ ಕಂಪನಿಯೊಂದರ ಪರವಾಗಿ ಬ್ರಸೆಲ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಭಾರತೀಯ ತರುಣರೊಬ್ಬರು ಆ ಮೆಟ್ರೊದಲ್ಲಿ ಸತ್ತರು; ಸಾವು ಖಚಿತವಾಗುವವರೆಗೆ ಅವರ ಮನೆಯವರು ದಿನಗಟ್ಟಲೆ ಕಾಯಬೇಕಾಯಿತು. ವಿಮಾನ ನಿಲ್ದಾಣದಲ್ಲಿ ಗಾಯಗೊಂಡವರಲ್ಲಿ ಭಾರತೀಯ ವಿಮಾನ ಸಂಸ್ಥೆಯೊಂದರ ಸಿಬ್ಬಂದಿಯೂ ಇದ್ದರು, ಏಕೆಂದರೆ ಆಗ ಬ್ರಸೆಲ್ಸ್ ಆ ಸಂಸ್ಥೆಯ ಐರೋಪ್ಯ ಸಂಪರ್ಕ ಕೇಂದ್ರವಾಗಿತ್ತು. ಒಂದು ವಾರದ ನಂತರ, ಮಾರ್ಚ್ 30ರಂದು, ಐರೋಪ್ಯ ಒಕ್ಕೂಟದೊಂದಿಗಿನ ಶೃಂಗಸಭೆಗಾಗಿ ಭಾರತದ ಪ್ರಧಾನಿ ಆ ನಗರಕ್ಕೆ ಹೋದರು. ವಿದೇಶದ ನಗರವೊಂದರ ಎಚ್ಚರಿಕೆಯ ಹಂತ ಇಂದು ಮೈಸೂರು, ಹುಬ್ಬಳ್ಳಿ, ಮಂಗಳೂರುಗಳ ಎಷ್ಟೋ ಮನೆಗಳಿಗೆ ನೇರವಾಗಿ ಸಂಬಂಧಿಸಿದ ಸುದ್ದಿಯಾಗಿದೆ. ಮಗನೋ ಸೊಸೆಯೋ ಅಲ್ಲಿ ಮೆಟ್ರೊ ಹತ್ತುವವರಾಗಿರುತ್ತಾರೆ.

ದಾಳಿಯ ನಂತರದ ವಾರಗಳಲ್ಲಿ ಭದ್ರತೆಯ ಹೆಸರಿನಲ್ಲಿ ನಡೆದ ಕೆಲವು ಏರ್ಪಾಡುಗಳು ಅಪಾಯವನ್ನು ಕಡಿಮೆ ಮಾಡದೆ ಅದರ ಜಾಗವನ್ನಷ್ಟೇ ಬದಲಿಸಿದವು. ಮೆಟ್ರೊ ಕೆಲಕಾಲ ಬೆಳಗಿನ ಏಳರಿಂದ ಸಂಜೆ ಏಳರವರೆಗೆ ಮಾತ್ರ ಓಡಿತು, ನಿಲ್ದಾಣಗಳಿಗೆ ಒಂದೆರಡು ಬಾಗಿಲುಗಳನ್ನಷ್ಟೇ ತೆರೆದು ಅಲ್ಲಿ ಚೀಲಗಳ ತಪಾಸಣೆ ನಡೆಸಲಾಯಿತು. ಒಳಗಿನ ಜನಸಂದಣಿ ಹೊರಗಿನ ಕಾಲುದಾರಿಯ ಸಾಲಾಗಿ ಬದಲಾಯಿತು. ವಿಮಾನ ನಿಲ್ದಾಣದಲ್ಲಿ ಕಟ್ಟಡ ಪ್ರವೇಶಿಸುವ ಮೊದಲೇ ತಪಾಸಣೆ ಮಾಡಲು ಹೊರಗೆ ಡೇರೆ ಹಾಕಿದಾಗಲೂ ಹೀಗೆಯೇ ಆಗಿ, ನೂರಾರು ಪ್ರಯಾಣಿಕರು ಯಾವ ಗೋಡೆಯ ರಕ್ಷಣೆಯೂ ಇಲ್ಲದೆ ಗಂಟೆಗಟ್ಟಲೆ ಒತ್ತೊತ್ತಾಗಿ ನಿಲ್ಲಬೇಕಾಯಿತು. ಸಂಜೆ ಏಳಕ್ಕೆ ಮೆಟ್ರೊ ನಿಂತರೆ ಏಳೂವರೆಗೆ ಪಾಳಿ ಮುಗಿಸುವ ಹೋಟೆಲ್ ಕೆಲಸಗಾರ ಮನೆಗೆ ಹೇಗೆ ಹೋಗಬೇಕು ಎಂಬುದು ವೇಳಾಪಟ್ಟಿ ಬರೆದವರ ಲೆಕ್ಕದಲ್ಲಿ ಇರಲಿಲ್ಲ.

ಎಚ್ಚರಿಕೆಯ ಅತಿ ದೊಡ್ಡ ಭಾರ ಬಿದ್ದದ್ದು ಮೋಲೆನ್‌ಬೀಕ್‌ನ ಮೇಲೆ. ಬ್ರಸೆಲ್ಸ್‌ನ ಕಾಲುವೆಯ ಪಶ್ಚಿಮಕ್ಕಿರುವ ಈ ಕಮ್ಯೂನ್ ಹತ್ತೊಂಬತ್ತನೆಯ ಶತಮಾನದ ಕಾರ್ಖಾನೆಗಳಿಂದ ಬೆಳೆದು, 1960ರ ದಶಕದ ನಂತರ ಮೊರಾಕ್ಕೊದಿಂದ ಕೂಲಿಗಾಗಿ ಕರೆತಂದ ಕುಟುಂಬಗಳ ನೆಲೆಯಾಗಿ, ಕಾರ್ಖಾನೆಗಳು ಮುಚ್ಚಿದ ಮೇಲೆ ನಿರುದ್ಯೋಗದಲ್ಲಿ ಉಳಿದ ಪ್ರದೇಶ. ಸುಮಾರು ಆರು ಚದರ ಕಿಲೋಮೀಟರಿನಲ್ಲಿ 90 ಸಾವಿರಕ್ಕೂ ಹೆಚ್ಚು ಜನ ಅಲ್ಲಿ ಒತ್ತಾಗಿ ಬದುಕುತ್ತಾರೆ. ನವೆಂಬರ್‌ನಲ್ಲಿ ಜಗತ್ತಿನ ವಾಹಿನಿಗಳೆಲ್ಲ ಅದರ ಪುರಸಭೆಯ ಚೌಕದಲ್ಲಿ ಕ್ಯಾಮೆರಾ ನೆಟ್ಟವು, ಮತ್ತು ಅಲ್ಲಿಯ ವಿಳಾಸ ಕೆಲಸದ ಅರ್ಜಿಯಲ್ಲಿ ಅಡ್ಡಿಯಾಗಿ ಪರಿಣಮಿಸಿತು. ಉಳಿದ ನಗರದವರಿಗೆ ಎಚ್ಚರಿಕೆ ಎಂದರೆ ತಾನು ಬಲಿಯಾಗಬಹುದೆಂಬ ಭಯ ಒಂದೇ. ಮೋಲೆನ್‌ಬೀಕ್‌ನ ತರುಣನಿಗೆ ಅದೇ ಭಯದ ಮೇಲೆ ತನ್ನನ್ನು ಶಂಕಿತನೆಂದು ಕಾಣುತ್ತಾರೆಂಬ ಇನ್ನೊಂದು ಭಯವೂ ಸೇರಿತ್ತು. ಬೆನ್ನಚೀಲ ಹಾಕಿಕೊಂಡು ಮೆಟ್ರೊ ಹತ್ತಿದಾಗ ಪಕ್ಕದವರು ಎದ್ದುಹೋಗುವುದನ್ನು ಸಹಿಸಿಕೊಂಡು ಅವನು ಕಾಲೇಜಿಗೆ ಹೋಗಬೇಕಿತ್ತು. ಮಾರ್ಚ್‌ನ ಬಾಂಬುಗಳು ಧರ್ಮ ನೋಡಿ ಕೊಲ್ಲಲಿಲ್ಲ, ಸತ್ತವರಲ್ಲಿ ಮುಸ್ಲಿಮರೂ ಇದ್ದರು. ದಾಳಿಕೋರರ ಗುಂಪುಗಳು ಬಯಸುವುದು ನಗರ ತನ್ನದೇ ಒಂದು ಭಾಗವನ್ನು ಅನ್ಯವೆಂದು ದೂಡಬೇಕೆಂಬುದನ್ನೇ ಆದ್ದರಿಂದ, ಎಚ್ಚರಿಕೆಯ ಪ್ರತಿಯೊಂದು ಕ್ರಮವನ್ನೂ ಅದು ಈ ದೂಡುವಿಕೆಗೆ ನೆರವಾಗುತ್ತದೆಯೇ ಎಂಬ ಪರೀಕ್ಷೆಗೆ ಒಡ್ಡುವುದು ಭದ್ರತೆಯ ಭಾಗವೇ ಆಗಬೇಕು.

ಬೆಂಗಳೂರಿನ ಓದುಗರಿಗೆ ಈ ಸಂಗತಿಗಳು ದೂರದವೆನಿಸಲಾರವು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ 2005ರ ಡಿಸೆಂಬರ್ 28ರಂದು ನಡೆದ ಗುಂಡಿನ ದಾಳಿ, 2008ರ ಜುಲೈ 25ರ ಸರಣಿ ಸ್ಫೋಟಗಳು, 2010ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ, 2013ರಲ್ಲಿ ಮಲ್ಲೇಶ್ವರದಲ್ಲಿ, 2014ರಲ್ಲಿ ಚರ್ಚ್ ಸ್ಟ್ರೀಟ್‌ನಲ್ಲಿ, 2024ರ ಮಾರ್ಚ್ 1ರಂದು ರಾಮೇಶ್ವರಂ ಕೆಫೆಯಲ್ಲಿ ಸಿಡಿದ ಬಾಂಬುಗಳು, ಇವುಗಳ ಪ್ರತಿಯೊಂದರ ನಂತರವೂ ನಗರದಲ್ಲಿ ‘ಹೈ ಅಲರ್ಟ್’ ಇದೆ ಎಂಬ ಶೀರ್ಷಿಕೆ ಪತ್ರಿಕೆಗಳಲ್ಲಿ ಬಂದಿದೆ. ಸ್ವಾತಂತ್ರ್ಯ ದಿನ, ಗಣರಾಜ್ಯ ದಿನಗಳ ಮುನ್ನಾ ವಾರಗಳಲ್ಲೂ ಬರುತ್ತದೆ. ಆದರೆ ಈ ಮಾತಿಗೆ ಇಲ್ಲಿ ಜನರಿಗೆ ತಿಳಿಸುವ ಹಂತಗಳಿಲ್ಲ, ಅವಧಿಯಿಲ್ಲ, ಅದು ಮುಗಿಯಿತೆಂಬ ಪ್ರಕಟಣೆಯಂತೂ ಕಾಣಸಿಗುವುದೇ ಇಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ದಂಡ ಪ್ರಕ್ರಿಯಾ ಸಂಹಿತೆಯ 144ನೇ ಸೆಕ್ಷನ್ ಎಂದು ಎಲ್ಲರಿಗೂ ಪರಿಚಿತವಾಗಿದ್ದ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಆಗಿರುವ ನಿಷೇಧಾಜ್ಞೆಗೆ ಕಾನೂನೇ ಎರಡು ತಿಂಗಳ ಮಿತಿಯನ್ನು ಹಾಕಿದೆ, ಅದಕ್ಕಿಂತ ಮುಂದುವರಿಸಬೇಕಾದರೆ ರಾಜ್ಯ ಸರ್ಕಾರ ಬೇರೆ ಆದೇಶ ಹೊರಡಿಸಬೇಕು, ಅದಕ್ಕೂ ಆರು ತಿಂಗಳ ಗಡಿಯಿದೆ. ನಾಲ್ವರು ಒಟ್ಟಿಗೆ ನಿಲ್ಲಬಾರದೆಂಬ ಆಜ್ಞೆಗೆ ಕೊನೆಯ ದಿನಾಂಕ ಇರುವಾಗ, ಇಡೀ ನಗರವನ್ನು ಅಳುಕಿನಲ್ಲಿಡುವ ಎಚ್ಚರಿಕೆಗೆ ಅದು ಇರದಿರುವುದು ನ್ಯಾಯವಲ್ಲ.

ಬ್ರಸೆಲ್ಸ್‌ನ ವ್ಯವಸ್ಥೆಯಲ್ಲಿ ಅನುಕರಿಸಬೇಕಾದದ್ದು ಅದರ ಸೈನಿಕರಾಗಲೀ ಡೇರೆಗಳಾಗಲೀ ಅಲ್ಲ. ಹಂತ ಯಾವುದು, ಯಾರು ನಿರ್ಧರಿಸಿದರು, ಯಾವ ಪ್ರದೇಶಕ್ಕೆ, ಯಾವ ಕಾರಣಕ್ಕೆ ಎಂಬುದನ್ನು ಜನರಿಗೆ ತಿಳಿಯುವಂತೆ ಹೇಳಿ, ಇಳಿಸಿದಾಗಲೂ ಅಷ್ಟೇ ಬಹಿರಂಗವಾಗಿ ಹೇಳುವ ಪದ್ಧತಿ ಅಲ್ಲಿದೆ. 2023ರ ಅಕ್ಟೋಬರ್ 16ರಂದು ಫುಟ್‌ಬಾಲ್ ಪಂದ್ಯಕ್ಕೆ ಬಂದಿದ್ದ ಇಬ್ಬರು ಸ್ವೀಡನ್ ಪ್ರಜೆಗಳನ್ನು ಬಂದೂಕುಧಾರಿಯೊಬ್ಬ ಕೊಂದಾಗ ಬ್ರಸೆಲ್ಸ್ ಮತ್ತೆ ನಾಲ್ಕನೇ ಹಂತಕ್ಕೆ ಏರಿತು, ಮರುದಿನ ಆತ ಪೊಲೀಸರ ಗುಂಡಿಗೆ ಸತ್ತ ಮೇಲೆ ಅದೇ ದಿನ ಮೂರಕ್ಕೆ ಇಳಿಯಿತು. ಕರ್ನಾಟಕದ ಗೃಹ ಇಲಾಖೆ ಮುಂದಿನ ಸಲ ‘ಹೈ ಅಲರ್ಟ್’ ಎಂದು ಪ್ರಕಟಿಸುವಾಗ ಅದರ ಜೊತೆಗೆ ಯಾವ ದಿನದಿಂದ ಯಾವ ದಿನದವರೆಗೆ ಎಂಬುದನ್ನೂ, ಶಾಲೆ, ಬಸ್ಸು, ಮಾರುಕಟ್ಟೆಗಳ ವಿಷಯದಲ್ಲಿ ಜನ ಏನು ಮಾಡಬೇಕೆಂಬುದನ್ನೂ, ಸರ್ಕಾರದ ಸೂಚನೆಯಂತೆ ಮನೆಯಲ್ಲುಳಿದ ದಿನಗೂಲಿಯವರ ಅಂದಿನ ಕೂಲಿಯನ್ನು ಯಾರು ಕೊಡುತ್ತಾರೆಂಬುದನ್ನೂ ಕನ್ನಡದಲ್ಲಿ ಬರೆದು ಪ್ರಕಟಿಸಬೇಕು, ಮತ್ತು ಅವಧಿ ಮುಗಿದ ದಿನ ಮುಗಿಯಿತೆಂದು ತಿಳಿಸಬೇಕು.